ಕೀಲಿ ಹುಟ್ಟಿದ್ದು ಎಲ್ಲಿ?

ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಆಂಡ್ರಾಯ್ಡ್ ಫೋನಿನಲ್ಲಿ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದೇ ಇಲ್ಲ. ಫೋನಿನೊಳಗಿನ ಬದಲಾವಣೆ ದೂರದ ಸರ್ವರ್‌ಗೆ ಗೊತ್ತಾಗುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಆ್ಯಪ್ ಹೇಳಿದ್ದನ್ನು ನಂಬುವಂತಿಲ್ಲ. ಆಂಡ್ರಾಯ್ಡನ್ನೇ ತಿದ್ದಿದ್ದರೆ ಅದು ಆ್ಯಪ್‌ಗೂ ಸುಳ್ಳು ಹೇಳಬಲ್ಲದು.

ಆಂಡ್ರಾಯ್ಡಿನ ಕೈಗೂ ಸಿಗದ ಸುರಕ್ಷಿತ ವಲಯವೊಂದು ಚಿಪ್‌ನಲ್ಲಿರುತ್ತದೆ. ಅಲ್ಲಿ ಹುಟ್ಟಿದ ಗುಪ್ತ ಕೀಲಿ ಹೊರಗೆ ಬರುವುದಿಲ್ಲ, ಅದರ ಕುರಿತ ಪ್ರಮಾಣಪತ್ರ ಮಾತ್ರ ಬರುತ್ತದೆ. 2016ರ ಆಂಡ್ರಾಯ್ಡ್ 7ರಲ್ಲಿ ಈ ವ್ಯವಸ್ಥೆ ಶುರುವಾಯಿತು. ಕೀಲಿ ಹಾರ್ಡ್‌ವೇರ್‌ನಲ್ಲಿ ಹುಟ್ಟಿದ್ದೇ, ಬೂಟ್‌ಲೋಡರ್ ಲಾಕ್ ಆಗಿದೆಯೇ, ಸೆಕ್ಯುರಿಟಿ ಪ್ಯಾಚ್ ಯಾವ ತಿಂಗಳದ್ದು ಎಂಬುದೆಲ್ಲ ಪ್ರಮಾಣಪತ್ರದಲ್ಲಿ ದಾಖಲಾಗಿರುತ್ತದೆ. ಸರ್ವರ್ ಆಗಷ್ಟೇ ಕಳಿಸಿದ ಸವಾಲಿನ ಸಂಖ್ಯೆಯೂ ಇರುವುದರಿಂದ ಹಳೆಯ ಪತ್ರವನ್ನು ಮತ್ತೆ ತೋರಿಸಲಾಗದು. ಈ ಪತ್ರಕ್ಕೆ ಒಂದು ಕೀಲಿಯ ಸಹಿ, ಆ ಕೀಲಿಗೆ ಇನ್ನೊಂದರ ಸಹಿ. ಹೀಗೆ ಸರಪಳಿ ಗೂಗಲ್‌ನ ಮೂಲ ಪ್ರಮಾಣಪತ್ರದವರೆಗೆ ಹೋಗುತ್ತದೆ.

ಎಲ್ಲ ಸಹಿಗಳೂ ತಾಳೆಯಾದರೆ ಪರೀಕ್ಷೆ ಮುಗಿಯಿತು ಎಂದು ನಂಬಿದ ಪ್ರೋಗ್ರಾಮರ್‌ಗಳಿದ್ದಾರೆ. ಇದು ಅಪಾಯಕಾರಿ ಮೂಢನಂಬಿಕೆ.

ವಂಚಕನೊಬ್ಬ ಸಾಚಾ ಫೋನಿನಲ್ಲೇ ಸಹಿ ಹಾಕಬಲ್ಲ ಕೀಲಿಯೊಂದನ್ನು ಹುಟ್ಟಿಸುತ್ತಾನೆ ಎನ್ನೋಣ. ಅದಕ್ಕೆ ಅಸಲಿ ಪ್ರಮಾಣಪತ್ರವೇ ಸಿಗುತ್ತದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕೀಲಿ ತಯಾರಿಸಿ, ಇದೂ ಹಾರ್ಡ್‌ವೇರ್‌ನಲ್ಲೇ ಹುಟ್ಟಿದ್ದು ಎಂದು ತಾನೇ ಪತ್ರ ಬರೆದು, ಮೊದಲ ಕೀಲಿಯಿಂದ ಸಹಿ ಹಾಕಿ ಸರಪಳಿಯ ತುದಿಗೆ ಸೇರಿಸುತ್ತಾನೆ. ತಹಶೀಲ್ದಾರರು ಕೊಟ್ಟ ಪತ್ರಕ್ಕೆ ಅರ್ಜಿದಾರನೇ ಇನ್ನೊಂದು ಹಾಳೆ ಪಿನ್ ಮಾಡಿ ತನ್ನ ಸಹಿ ಹಾಕಿದಂತೆ. ಬರೀ ಸಹಿ ನೋಡುವ ಸರ್ವರ್‌ಗೆ ಎಲ್ಲಿಯೂ ತಪ್ಪು ಕಾಣುವುದಿಲ್ಲ, ಏಕೆಂದರೆ ಒಂದು ಸಹಿಯೂ ನಕಲಿಯಲ್ಲ!

ಪರಿಹಾರ ಸೊಗಸಾಗಿದೆ. ಸರಪಳಿಯನ್ನು ಗೂಗಲ್‌ನ ತುದಿಯಿಂದ ಕೆಳಕ್ಕೆ ಓದಬೇಕು. ಫೋನಿನ ವಿವರಗಳಿರುವ ಭಾಗ ಮೊದಲ ಸಲ ಸಿಕ್ಕಿದ್ದೇ ಹಾರ್ಡ್‌ವೇರ್‌ನ ಮಾತು. ಅದರ ಕೆಳಗೆ ಮತ್ತೊಮ್ಮೆ ಅಂಥ ಭಾಗ ಕಂಡರೆ ಅದನ್ನು ಬರೆದದ್ದು ಬೇರೆ ಯಾರೋ. ಗೂಗಲ್‌ನ ಮಾರ್ಗದರ್ಶಿಯೇ ಹೀಗೆ ಎಚ್ಚರಿಸುತ್ತದೆ, ಆದರೂ ಅವಸರದ ಕೋಡ್‌ನಲ್ಲಿ ಬಿಟ್ಟುಹೋಗುವ ಸಾಲು ಇದೇ.

ಸಹಿ ಹಾಕುವ ಕೀಲಿಯೇ ಕಳುವಾದರೆ? ಒಂದೊಂದು ಫೋನನ್ನೂ ಗುರುತು ಹಿಡಿದು ಹಿಂಬಾಲಿಸಲು ಆಗಬಾರದೆಂದು ಮೊದಮೊದಲು ಸುಮಾರು 1,00,000 ಫೋನ್‌ಗಳಿಗೆ ಒಂದೇ ಕೀಲಿ ಇಡುವ ಪದ್ಧತಿ ಬಂತು. ಒಳ್ಳೆಯ ಉದ್ದೇಶ, ಆದರೆ ಒಂದು ಫೋನಿನಿಂದ ಕೀಲಿ ಸೋರಿದರೆ ಅಷ್ಟೂ ಫೋನ್‌ಗಳ ಪ್ರಮಾಣಪತ್ರ ರದ್ದಾಗಬೇಕು. ಆಂಡ್ರಾಯ್ಡ್ 12ರಿಂದ ಅಲ್ಪಾವಧಿಯ ಪ್ರಮಾಣಪತ್ರಗಳನ್ನು ಇಂಟರ್‌ನೆಟ್ ಮೂಲಕವೇ ಫೋನಿಗೆ ಕಳಿಸುವ ಏರ್ಪಾಡು ಬಂದಿದೆ. ಆದರೆ ಹಳೆಯ ಫೋನ್‌ಗಳು ಇನ್ನೂ ಬಳಕೆಯಲ್ಲಿವೆ. ರದ್ದಾದ ಪ್ರಮಾಣಪತ್ರಗಳ ಪಟ್ಟಿಯನ್ನು ಗೂಗಲ್ ಬಹಿರಂಗವಾಗಿಯೇ ಇಟ್ಟಿದೆ. ಆ್ಯಪ್ ಕಟ್ಟುವವರು ಪ್ರತಿ ಪರೀಕ್ಷೆಯಲ್ಲೂ ಅದನ್ನು ನೋಡಲಿ, ಮತ್ತು ಆ ಪರೀಕ್ಷೆ ಗ್ರಾಹಕರ ಫೋನಿನಲ್ಲಿ ನಡೆಯದೆ ತಮ್ಮ ಸರ್ವರ್‌ನಲ್ಲಿ ನಡೆಯಲಿ.