ಕ್ಷಯಕ್ರಿಮಿಯ ಮೇಣದ ಕವಚ

ಕ್ಷಯವೆಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಎದೆಗುಂದುತ್ತಿದ್ದ ಕಾಲವೊಂದಿದ್ದಿತು. ರೋಗಿಯನ್ನು ಆರೋಗ್ಯಧಾಮಕ್ಕೆ ಸೇರಿಸಿ, ಒಳ್ಳೆಯ ಗಾಳಿ, ಪುಷ್ಟಿಕರವಾದ ಊಟ, ವಿಶ್ರಾಂತಿಗಳನ್ನೇ ನೆಚ್ಚಿ ದಿನವೆಣಿಸಬೇಕಾಗಿತ್ತು. 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಗುಳಿಗೆ ಬಳಕೆಗೆ ಬಂದಿತು. ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದವರಿಗೆ ಹಸಿವು ಮರಳಿತು, ಮೈ ತುಂಬಿತು. ಇದೇ ಗುಳಿಗೆಯನ್ನು ಮತ್ತೊಂದು ಔಷಧದೊಡನೆ ಸೇವಿಸುವ ರೋಗಿ ಮನೆಯಲ್ಲಿದ್ದುಕೊಂಡೇ ಗುಣಹೊಂದಬಲ್ಲನೆಂಬುದನ್ನು ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವು ತೋರಿಸಿಕೊಟ್ಟಿತು. ಆದರೆ ಈ ಬಾಣ ಕ್ರಿಮಿಯ ಯಾವ ಮರ್ಮಸ್ಥಾನಕ್ಕೆ ತಗಲುತ್ತಿದೆ ಎಂಬುದು ನಾಲ್ಕು ದಶಕಗಳವರೆಗೂ ಖಚಿತವಾಗಿ ತಿಳಿಯಲಿಲ್ಲ.

ಕ್ಷಯಕ್ರಿಮಿಯ ಮೈಮೇಲೆ ಮೇಣದಂಥ ಕವಚವೊಂದಿದೆ. ಮೈಕೋಲಿಕ್ ಆಮ್ಲವೆಂಬ ನೀಳವಾದ ಕೊಬ್ಬಿನಾಮ್ಲ ಅದರ ಮುಖ್ಯ ದ್ರವ್ಯ. ಹೂ ಕಟ್ಟುವವಳು ಜೊತೆ ಜೊತೆಯಾಗಿ ಹೂವಿರಿಸಿ ಗಂಟು ಬಿಗಿಯುವಂತೆ, ಕ್ರಿಮಿಯು ಎರಡೆರಡು ಇಂಗಾಲದ ಪರಮಾಣುಗಳನ್ನು ಸೇರಿಸುತ್ತ ಈ ಆಮ್ಲದ ಎಳೆಯನ್ನು ಬೆಳೆಸುತ್ತದೆ. ಪ್ರತಿ ಸುತ್ತಿನ ಕಡೆಯ ಗಂಟು ಬಿಗಿಯುವ ಕೆಲಸ ‘ಇನ್-ಎಚ್-ಎ’ ಎಂಬ ಕಿಣ್ವದ್ದು. ಅದು ಕೈಕಟ್ಟಿ ಕುಳಿತರೆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಕವಚ ಕಟ್ಟಲಾರದ ಕ್ರಿಮಿ ಬದುಕದು. ಮನುಷ್ಯನ ದೇಹ ಮೈಕೋಲಿಕ್ ಆಮ್ಲವನ್ನು ತಯಾರಿಸುವುದೇ ಇಲ್ಲವಾದುದರಿಂದ, ಔಷಧಕ್ಕೆ ಇದಕ್ಕಿಂತ ಒಳ್ಳೆಯ ಗುರಿ ದೊರೆಯುವುದು ವಿರಳ.

ಐಸೋನಿಯಾಜಿಡ್‌ಗೆ ಬಗ್ಗದ ಕ್ರಿಮಿಗಳನ್ನು ಪರೀಕ್ಷಿಸುತ್ತಿದ್ದ ನ್ಯೂಯಾರ್ಕಿನ ವಿಲಿಯಂ ಜೇಕಬ್ಸ್ ಮತ್ತು ಅವರ ಸಂಗಡಿಗರು 1994ರಲ್ಲಿ ಈ ಕಿಣ್ವದ ಜೀನನ್ನು ಗುರುತಿಸಿದರು. ಅದಕ್ಕೂ ಮೊದಲೇ, 1992ರಲ್ಲಿ, ಇನ್ನೊಂದು ವಿಚಿತ್ರ ಬೆಳಕಿಗೆ ಬಂದಿತ್ತು. ಗುಳಿಗೆ ತಾನಾಗಿ ವಿಷವಲ್ಲ. ಕ್ರಿಮಿಯದೇ ಆದ ‘ಕ್ಯಾಟ್-ಜಿ’ ಎಂಬ ಮತ್ತೊಂದು ಕಿಣ್ವ ಅದನ್ನು ಹರಿತಗೊಳಿಸುತ್ತದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ತೊಡಕು ಇರುವುದೂ ಇಲ್ಲಿಯೇ. ಕ್ಯಾಟ್-ಜಿ ಕೆಟ್ಟುಹೋದ ಕ್ರಿಮಿಯಲ್ಲಿ ಗುಳಿಗೆ ಹರಿತವಾಗದೆ ಮೊಂಡಾಗಿಯೇ ಉಳಿಯುತ್ತದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಅಂಥ ಕ್ರಿಮಿಗೂ ಕವಚ ಬೇಕು, ಕವಚಕ್ಕೆ ಇನ್-ಎಚ್-ಎ ಬೇಕು. ಆದುದರಿಂದ ಮಧ್ಯವರ್ತಿಯ ಹಂಗಿಲ್ಲದೆ ನೇರವಾಗಿ ಈ ಕಿಣ್ವವನ್ನೇ ಹಿಡಿದು ನಿಲ್ಲಿಸುವ ವಸ್ತುಗಳನ್ನು ವಿಜ್ಞಾನಿಗಳು ಅರಸುತ್ತಿದ್ದಾರೆ. ಶುದ್ಧೀಕರಿಸಿದ ಕಿಣ್ವವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅದರ ಸಹಾಯಕ ದ್ರವ್ಯವಾದ ಎನ್‌ಎಡಿಎಚ್ ಅನ್ನು ಬೆರೆಸಿ, 340 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹಾಯಿಸುತ್ತಾರೆ. ಕಿಣ್ವ ದುಡಿಯುತ್ತಿದ್ದರೆ ಆ ದ್ರವ್ಯ ವ್ಯಯವಾಗಿ, ಅದು ಹೀರುವ ಬೆಳಕು ಕಡಿಮೆಯಾಗುತ್ತ ಹೋಗುತ್ತದೆ. ಹೊಸ ವಸ್ತುವನ್ನು ಸೇರಿಸಿದೊಡನೆ ಆ ಇಳಿತ ನಿಂತರೆ, ಕಿಣ್ವ ಸೆರೆಸಿಕ್ಕಿರಬಹುದೆಂಬ ಸೂಚನೆ.

ಪ್ರಯೋಗಶಾಲೆಯ ಈ ಹುಡುಕಾಟ ಸುದೀರ್ಘವಾದುದು. ಮನೆಯಲ್ಲಿ ಮಾಡಬೇಕಾದುದು ಅಷ್ಟು ಕಷ್ಟದ್ದಲ್ಲ. ಸಾಮಾನ್ಯ ಕ್ಷಯಕ್ಕೆ ವೈದ್ಯರು ಹೇಳುವ ಆರು ತಿಂಗಳ ಔಷಧಕ್ರಮದಲ್ಲಿ ಇಂದಿಗೂ ಐಸೋನಿಯಾಜಿಡ್ ಉಂಟು. ಕೆಮ್ಮು ನಿಂತಿತೆಂದು ನಡುವೆ ಗುಳಿಗೆ ಬಿಟ್ಟರೆ, ಅಳಿದುಳಿದ ಕ್ರಿಮಿಗಳು ಮತ್ತೆ ತಲೆಯೆತ್ತುತ್ತವೆ. ಅವುಗಳಲ್ಲಿ ಔಷಧಕ್ಕೆ ಬಗ್ಗದವೂ ಇರಬಹುದು. ಗುಳಿಗೆಯನ್ನು ಕಡೆಯ ದಿನದವರೆಗೂ ನುಂಗಿಸುವ ತಾಯಿಯೋ ಮಡದಿಯೋ ಆ ಕವಚ ಮತ್ತೆ ಕಟ್ಟಿಕೊಳ್ಳದಂತೆ ಕಾಯುತ್ತಿರುತ್ತಾಳೆ.