ಹಿಮದ ಮೇಲೆ ಬಾಳುವ ಕಡಲಹಕ್ಕಿ: ಎಂಪರರ್ ಪೆಂಗ್ವಿನ್

ಜೀವಿಗಳ ಹೊಂದಾಣಿಕೆಯನ್ನು ಬೋಧಿಸುವಾಗ ಪೆಂಗ್ವಿನ್ನಿನ ಉದಾಹರಣೆ ಸಾಮಾನ್ಯವಾಗಿ ಬರುತ್ತದೆ. ಮೈಯಲ್ಲಿ ಕೊಬ್ಬಿರುವುದರಿಂದ ಅದು ಚಳಿಯನ್ನು ತಡೆಯುತ್ತದೆ ಎಂಬ ಒಂದೇ ಮಾತಿನಲ್ಲಿ ವಿವರಣೆ ಮುಗಿದರೆ ಪಾಠದ ತಿರುಳು ಉಳಿದುಹೋಗುತ್ತದೆ. ದೇಹರಚನೆ, ನಡವಳಿಕೆ, ಋತುಮಾನ ಈ ಮೂರರ ಹೊಂದಿಕೆಯಿಂದಲೇ ಆ ಹಕ್ಕಿ ಬದುಕುತ್ತದೆ.

ದೇಹರಚನೆ: ಅಂಟಾರ್ಕ್ಟಿಕದ ಎಂಪರರ್ ಪೆಂಗ್ವಿನ್ ಪೆಂಗ್ವಿನ್‌ಗಳಲ್ಲೆಲ್ಲ ದೊಡ್ಡದು. ಅದರ ಎತ್ತರ ಒಂದು ಮೀಟರಿಗೂ ಹೆಚ್ಚು. ಒತ್ತಾದ ಗರಿಗಳು ಮತ್ತು ಅವುಗಳ ಬುಡದ ತುಪ್ಪುಳ ಗಾಳಿಯನ್ನು ಹಿಡಿದಿಟ್ಟು ಶಾಖ ಸೋರದಂತೆ ಕಾಯುತ್ತವೆ. ಕಾಲಿಗೆ ಇಳಿಯುವ ಬಿಸಿರಕ್ತವು ಮೇಲೇರುವ ತಣ್ಣನೆಯ ರಕ್ತಕ್ಕೆ ತನ್ನ ಶಾಖವನ್ನು ಕೊಡುವುದರಿಂದ ಪಾದದ ಮೂಲಕ ನಷ್ಟವಾಗುವ ಶಾಖ ಅತ್ಯಲ್ಪ.

ನಡವಳಿಕೆ: ಹೆಣ್ಣು ಮೇ-ಜೂನ್ ತಿಂಗಳಲ್ಲಿ ಒಂದೇ ಮೊಟ್ಟೆಯಿಟ್ಟು ಆಹಾರಕ್ಕಾಗಿ ಕಡಲಿಗೆ ಹೋಗುತ್ತದೆ. ಗಂಡು ಆ ಮೊಟ್ಟೆಯನ್ನು ಪಾದಗಳ ಮೇಲಿರಿಸಿಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಸುಮಾರು 65 ದಿನ ಕಾವು ಕೊಡುತ್ತದೆ. ಈ ಅವಧಿಯಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಹಿಮಗಾಳಿ ಬೀಸಿದಾಗ ಗಂಡುಗಳು ಒತ್ತಾಗಿ ಗುಂಪುಗೂಡುತ್ತವೆ. ಗುಂಪು ಸದಾ ಮೆಲ್ಲಗೆ ಚಲಿಸುತ್ತಿರುವುದರಿಂದ ಅಂಚಿನವು ಒಳಗೂ ಒಳಗಿನವು ಅಂಚಿಗೂ ಬರುತ್ತವೆ.

ಋತುಮಾನ: ಕಡುಚಳಿಗಾಲದಲ್ಲಿ ಮೊಟ್ಟೆಯಿಡುವುದೇಕೆ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡುವುದು ಉಚಿತ. ಮರಿ ಬೆಳೆಯಲು ಸುಮಾರು ಐದು ತಿಂಗಳು ಬೇಕು. ಅದು ಕಡಲಿಗಿಳಿಯುವ ಹೊತ್ತಿಗೆ, ಅಂದರೆ ಡಿಸೆಂಬರ್ ವೇಳೆಗೆ, ಅಲ್ಲಿ ಬೇಸಿಗೆ, ಆಹಾರವೂ ಸಮೃದ್ಧ.

ಈ ಲೆಕ್ಕವೆಲ್ಲ ನಿಂತಿರುವುದು ಕಡಲ ಮೇಲೆ ಹೆಪ್ಪುಗಟ್ಟಿದ ಹಿಮದ ಹಾಸಿನ ಮೇಲೆ. ಮರಿಯ ತುಪ್ಪುಳಕ್ಕೆ ನೀರನ್ನು ತಡೆಯುವ ಶಕ್ತಿಯಿಲ್ಲ. ಗರಿ ಮೂಡುವ ಮೊದಲೇ ಹಿಮ ಒಡೆದರೆ ಮರಿಗಳು ಮುಳುಗುತ್ತವೆ ಇಲ್ಲವೇ ಚಳಿಗೆ ಸಾಯುತ್ತವೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಮಧ್ಯ ಮತ್ತು ಪೂರ್ವಭಾಗದಲ್ಲಿರುವ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಹಿಮ ಬೇಗನೆ ಒಡೆದು, ಆ ವರ್ಷದ ಮರಿಗಳು ಉಳಿದಿರಲಾರವು ಎಂಬುದು ಉಪಗ್ರಹ ಚಿತ್ರಗಳಿಂದ ತಿಳಿದುಬಂತು. ಸಾವಿರಾರು ವರ್ಷಗಳಲ್ಲಿ ರೂಪುಗೊಂಡ ಹೊಂದಾಣಿಕೆಯು ಕೆಲವೇ ದಶಕಗಳ ಬದಲಾವಣೆಗೆ ಸರಿಹೊಂದಲಾರದೆ ಹೋಗಬಹುದು ಎಂಬುದನ್ನು ಮಕ್ಕಳು ಇಲ್ಲಿ ಗ್ರಹಿಸಬೇಕು.

ಚಟುವಟಿಕೆ: ಒಂದೇ ಅಳತೆಯ ಎಂಟು ಲೋಟಗಳಲ್ಲಿ ಸಮಪ್ರಮಾಣದ ಬಿಸಿನೀರನ್ನು ಶಿಕ್ಷಕರೇ ತುಂಬಬೇಕು. ಏಳನ್ನು ಒತ್ತಾಗಿ ಜೋಡಿಸಿ, ಒಂದನ್ನು ದೂರ ಇಡಬೇಕು. ಐದೈದು ನಿಮಿಷಕ್ಕೊಮ್ಮೆ ನಡುವಿನ ಲೋಟದ ಮತ್ತು ಒಂಟಿ ಲೋಟದ ಉಷ್ಣತೆಯನ್ನು ಮಕ್ಕಳು ಅಳೆದು ಬರೆದುಕೊಳ್ಳಲಿ. ಪೆಂಗ್ವಿನ್‌ಗಳು ಗುಂಪುಗೂಡುವ ಕಾರಣವನ್ನು ಅವರೇ ಆ ಅಂಕಿಗಳಿಂದ ಹೇಳಬಲ್ಲರು.