ಹದಿನಾರರ ಗಾಯಕಿಯ ಚೊಚ್ಚಲ ಆಲ್ಬಂ

ನ್ಯೂಜಿಲೆಂಡಿನ ಗಾಯಕಿ ಲಾರ್ಡ್ ಅವರ ಮೊದಲ ಆಲ್ಬಂ ‘ಪ್ಯೂರ್ ಹೀರೋಯಿನ್’ ಬಿಡುಗಡೆಯಾದದ್ದು 2013ರ ಸೆಪ್ಟೆಂಬರಿನಲ್ಲಿ. ಆಗ ಆಕೆಗಿನ್ನೂ 16 ವರ್ಷ. ನಿರ್ಮಾಪಕ ಜೋಯಲ್ ಲಿಟಲ್ ಜತೆ ಆಕ್ಲೆಂಡಿನಲ್ಲಿ ಹಾಡುಗಳು ರೂಪುಗೊಂಡವು. ವಾದ್ಯಗಳ ಅಬ್ಬರವಿಲ್ಲ, ತಾಳ, ತೆಳುವಾದ ಸಿಂಥಸೈಜರ್, ಒಂದರ ಮೇಲೊಂದು ಪೋಣಿಸಿದ ಆಕೆಯದೇ ದನಿ, ಅಷ್ಟೇ.

ವಜ್ರ, ದುಬಾರಿ ಕಾರುಗಳ ಪಾಪ್ ವೈಭವವನ್ನು ಸಾಮಾನ್ಯ ಹುಡುಗರ ಕಣ್ಣಿನಿಂದ ನೋಡುವ, ಇದೇ ಆಲ್ಬಂನ ‘ರಾಯಲ್ಸ್’ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 9 ವಾರ ಅಗ್ರಸ್ಥಾನದಲ್ಲಿತ್ತು. ವಿಮರ್ಶಕರು ಸಾಹಿತ್ಯದ ಪ್ರೌಢತೆಯನ್ನು ಮೆಚ್ಚಿದರು. ಕಪ್ಪುಜನರ ಹಿಪ್‌ಹಾಪ್ ಸಂಸ್ಕೃತಿಯನ್ನು ಹಾಡು ಹೀಗಳೆಯುತ್ತದೆ ಎಂಬ ಆಕ್ಷೇಪವೂ ಬಂತು. ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೂ ಹದಿಹರೆಯದ ಬೇಸರ, ಗೆಳೆತನ, ವಯಸ್ಸಾಗುವ ಭಯವನ್ನು ಇಷ್ಟು ನೇರವಾಗಿ ಹೇಳಿದ ಚೊಚ್ಚಲ ಆಲ್ಬಂ ಅಪರೂಪ. 2014ರಲ್ಲಿ ‘ರಾಯಲ್ಸ್’ ವರ್ಷದ ಹಾಡು ಸೇರಿದಂತೆ ಎರಡು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು.